ಅಮ್ಮನಿಗೆ ಹಲ್ಲುನೋವು, ಇಲ್ಲಿನ ಡಾಕ್ಟರಿಗೆ ಜರ್ಮನ್ ಬಿಟ್ಟು ಬೇರೆ ಬರಲ್ಲ. ಏನು ಮಾಡೋದು?

ಹಾಸನದವಳು

ಎಲ್ಲರಿಗೂ ನಮಸ್ಕಾರ. ನಾವಿರುವುದು ಜರ್ಮನಿಯಲ್ಲಿ, ನ್ಯೂರೆಂಬರ್ಗ್ ಹತ್ತಿರ ಒಂದು ಸಣ್ಣ ಊರು. ಅಮ್ಮ ಮೂರು ತಿಂಗಳಿಗೆ ಅಂತ ಬಂದಿದ್ದಾರೆ. ಅವರಿಗೆ ಕನ್ನಡ ಮಾತ್ರ ಬರುತ್ತೆ. ನನ್ನ ಜರ್ಮನ್ ತರಕಾರಿ ಅಂಗಡಿಗೆ ಸಾಕು, ಆಸ್ಪತ್ರೆಗೆ ಸಾಲದು.

ಹತ್ತು ದಿನದ ಹಿಂದೆ ಎಡಗಡೆ ಕೆಳಗಿನ ದವಡೆ ಹಲ್ಲು ಜುಮ್ ಅನ್ನುತ್ತೆ ಅಂದರು. ಆಗ ತಣ್ಣೀರು ಕುಡಿದಾಗ ಮಾತ್ರ. ಲವಂಗ ಇಟ್ಟುಕೊಂಡರು, ಉಪ್ಪುನೀರು ಮುಕ್ಕಳಿಸಿದರು. ಈಗ ನಾಲ್ಕು ದಿನದಿಂದ ಮಲಗಿದರೆ ಸಾಕು, ಸಿಡಿಯುತ್ತೆ ಅಂತ ಎದ್ದು ಕೂರುತ್ತಾರೆ. ಬಿಸಿ ಕಾಫಿ ಕುಡಿದರೆ ಕಣ್ಣಲ್ಲಿ ನೀರು.

ಮೊನ್ನೆ ಇಲ್ಲೇ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಡವಟ್ಟು ಫೋನಿನಲ್ಲೇ ಶುರು. 'ಹಾಲ್ಪ್ ನೊಯ್ನ್' ಗೆ ಬನ್ನಿ ಅಂದಿದ್ದರು. ಹಾಲ್ಪ್ ಅಂದರೆ ಅರ್ಧ, ನೊಯ್ನ್ ಅಂದರೆ ಒಂಬತ್ತು, ಸರಿ ಒಂಬತ್ತೂವರೆ ಅಂದುಕೊಂಡು ಹೋದರೆ ಅದು ಎಂಟೂವರೆಯಂತೆ! ಇವರ ಲೆಕ್ಕದಲ್ಲಿ ಒಂಬತ್ತಕ್ಕೆ ಅರ್ಧ ಗಂಟೆ ಬಾಕಿ. ಪುಣ್ಯಕ್ಕೆ ಮಧ್ಯದಲ್ಲಿ ತೂರಿಸಿಕೊಂಡರು, ಆದರೆ ಎಲ್ಲ ಅವಸರ. ನಾನು ಹೊರಗೆ ಕೌಂಟರಿನಲ್ಲಿ ಎರಡು ಪುಟದ ಫಾರಂ ತುಂಬುತ್ತಾ ನಿಂತೆ, ಅಮ್ಮ ಒಳಗೆ ಒಬ್ಬರೇ. ಡಾಕ್ಟರು ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲಿಗೆ ಟಕ್ ಟಕ್ ಅಂತ ತಟ್ಟಿ 'ಶ್ಮೆರ್ತ್ಸನ್?', ಅಂದರೆ ನೋವಾ, ಅಂತ ಕೇಳಿದ್ದಾರೆ. ಅಮ್ಮ ನಮ್ಮ ಕಡೆ ತಲೆ ಆಡಿಸುತ್ತೇವಲ್ಲ, ಅತ್ತ ಇತ್ತ, ಹಾಗೆ ಆಡಿಸಿ 'ಹೂಂ' ಅಂದಿದ್ದಾರೆ. ಅವರು ಅದನ್ನು 'ಇಲ್ಲ' ಅಂತ ತಿಳಿದುಕೊಂಡರು ಅಂತ ಕಾಣುತ್ತೆ. ಐಬುಪ್ರೊಫೆನ್ 600 ಬರೆದುಕೊಟ್ಟು ಮುಂದಿನ ವಾರ ನೋಡೋಣ ಅಂತ ಕಳಿಸಿದರು. ಬಸ್ಸಿನಲ್ಲಿ ಅಮ್ಮ, 'ನಾನು ಹೂಂ ಹೂಂ ಅಂತಾನೇ ಇದ್ದೆ, ಆ ಹಲ್ಲನ್ನು ಬಿಟ್ಟು ಪಕ್ಕದ ಹಲ್ಲಿಗೇ ಯಾಕೆ ಹೋದರು?' ಅಂತ ಕೇಳಿದರು. ಏನು ಹೇಳಲಿ.

ಇನ್ನೂ ಐದು ವಾರ ಇದೆ. ಜರ್ಮನ್ನರಿಗೆ 'ಜುಮ್' ಅಂತ ಹೇಗೆ ಹೇಳೋದು? ಕನ್ನಡ ದುಭಾಷಿ ಸಿಗುತ್ತಾರಾ? ಪ್ರವಾಸದ ಇನ್ಶೂರೆನ್ಸ್ ಇದಕ್ಕೆ ಕೊಡುತ್ತಾ? ಯಾರಿಗಾದರೂ ಅನುಭವ ಇದ್ದರೆ ದಯವಿಟ್ಟು ಹೇಳಿ.

ಚುರುಮುರಿ

ನಾನು ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಮೊದಲು ಡಾಕ್ಟೊಲಿಬ್ ಆ್ಯಪ್‌ನಲ್ಲಿ ಹುಡುಕಿ, ಅಲ್ಲಿ ಡಾಕ್ಟರು ಮಾತಾಡುವ ಭಾಷೆ ಆರಿಸಿಕೊಳ್ಳಬಹುದು. ಇಂಗ್ಲಿಷ್ ಹಾಕಿ. ಊರಿನ ಪಕ್ಕದಲ್ಲೇ ಬೇಕು ಅಂತ ಹಟ ಹಿಡಿಯಬೇಡಿ, ನ್ಯೂರೆಂಬರ್ಗ್ ಅಥವಾ ಎರ್ಲಾಂಗನ್ ಕಡೆ ನೋಡಿ, ಯೂನಿವರ್ಸಿಟಿ ಇರುವ ಊರಿನಲ್ಲಿ ಇಂಗ್ಲಿಷ್ ಬರುವವರು ಜಾಸ್ತಿ.

ಅನುವಾದದ ಆ್ಯಪ್ ನಂಬಿ ಕನ್ನಡದಿಂದ ನೇರ ಜರ್ಮನ್‌ಗೆ ಹೋಗಬೇಡಿ. 2021ರಲ್ಲಿ ನನಗೆ ಹಲ್ಲಿಗೆ ಕ್ಯಾಪ್ ಹಾಕಬೇಕು ಅಂತ ಒಂದು ಕಾಗದ ಕೊಟ್ಟಿದ್ದರು, ಅದರ ಮೇಲೆ ಫೋನ್ ಹಿಡಿದರೆ 'ನಿಮಗೆ ಕಿರೀಟ ಅಗತ್ಯವಿದೆ' ಅಂತ ಬಂತು. ಇಲ್ಲಿ ಕ್ಯಾಪ್‌ಗೆ ಕ್ರೋನೆ ಅಂತಾರೆ, ಆ್ಯಪ್ ನನಗೆ ಪಟ್ಟಾಭಿಷೇಕ ಮಾಡಿಬಿಟ್ಟಿತು. ಪಕ್ಕದ ಸಾಲಿನಲ್ಲಿ ಹಲ್ಲಿನ ಬ್ರಿಜ್‌ಗೆ 'ಸೇತುವೆ' ಬೇರೆ. ನಗುತ್ತಾ ಆ ಕಾಗದವನ್ನು ಡ್ರಾಯರಿಗೆ ಹಾಕಿದೆ. ಅದು 'ಹೈಲ್ ಉಂಡ್ ಕೋಸ್ಟೆನ್‌ಪ್ಲಾನ್', ಅಂದರೆ ಚಿಕಿತ್ಸೆ ಮತ್ತು ಖರ್ಚಿನ ಅಂದಾಜು, ಮೊದಲು ಇನ್ಶೂರೆನ್ಸ್‌ನವರು ಒಪ್ಪಬೇಕು, ಒಪ್ಪಿದ ಮೇಲೆ 6 ತಿಂಗಳ ಒಳಗೆ ಕ್ಯಾಪ್ ಕೂರಿಸಿ ಆಗಿರಬೇಕು ಅಂತ ಆಮೇಲೆ ಗೊತ್ತಾಯಿತು. ಸರಕಾರಿ ಇನ್ಶೂರೆನ್ಸ್ ಇರುವವರಿಗೆ ಸಾಮಾನ್ಯ ಕ್ಯಾಪ್‌ನ ನಿಗದಿತ ಖರ್ಚಿನಲ್ಲಿ 60% ಸಿಗುತ್ತೆ, ವರ್ಷಕ್ಕೊಮ್ಮೆ ಹಲ್ಲು ತೋರಿಸಿ ಬೋನಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡಿದ್ದರೆ 5 ವರ್ಷಕ್ಕೆ 70%, 10 ವರ್ಷಕ್ಕೆ 75%. ಇದೆಲ್ಲ ನಿಮ್ಮಮ್ಮನಿಗೆ ಅಲ್ಲ, ನಿಮಗೆ ಹೇಳಿದ್ದು. ಆ ಪುಸ್ತಕ ಇಟ್ಟುಕೊಂಡಿದ್ದೀರಾ?

ಗುಂಡಣ್ಣ

ಸುಮ್ನೆ ಯಾಕೆ ತಲೆನೋವು, ಟಿಕೆಟ್ ಬದಲಾಯಿಸಿ ಊರಿಗೆ ಕಳಿಸಿಬಿಡಿ. ಹಾಸನದಲ್ಲಿ ಇದೇ ಕೆಲಸ ಕಾಲು ಭಾಗದ ದುಡ್ಡಿಗೆ ಆಗುತ್ತೆ, ಕನ್ನಡದಲ್ಲೇ ಬೈದು ಮಾಡುತ್ತಾರೆ.

ದಾವಣಗೆರೆ ಬೆಣ್ಣೆ

ಗುಂಡಣ್ಣ, ದುಡ್ಡಿನ ಮಾತು ಸರಿ. ಆದರೆ ರಾತ್ರಿ ಎಬ್ಬಿಸುವ ಹಲ್ಲನ್ನು ಇಟ್ಟುಕೊಂಡು ವಿಮಾನ ಹತ್ತಿಸಬೇಡಿ. ಮೇಲೆ ಹೋದಾಗ ಒತ್ತಡ ಬದಲಾಗಿ ಅದೇ ಹಲ್ಲು ಇನ್ನೂ ಜಾಸ್ತಿ ಸಿಡಿಯಬಹುದು, ಮಧ್ಯ ಆಕಾಶದಲ್ಲಿ ಯಾರ ಹತ್ತಿರ ಹೋಗುತ್ತೀರಿ?

ನಾನು ಊರಿನಲ್ಲಿ ಬಿಡಿಎಸ್ ಮಾಡಿ ಈಗ ಇಲ್ಲಿ ಒಂದು ಕ್ಲಿನಿಕ್‌ನಲ್ಲಿ ಸಹಾಯಕಿಯಾಗಿದ್ದೇನೆ, ಡಾಕ್ಟರಾಗಿ ಕೆಲಸ ಮಾಡಲು ವೈದ್ಯಕೀಯ ಜರ್ಮನ್‌ನ ಸಿ1 ಮಟ್ಟದ ಭಾಷಾ ಪರೀಕ್ಷೆಗೆ ಓದುತ್ತಿದ್ದೇನೆ. ಕುರ್ಚಿಯ ಎರಡೂ ಕಡೆ ನಿಂತು ನೋಡಿದ್ದೇನೆ, ಅದಕ್ಕೇ ಹೇಳುತ್ತೇನೆ, ವಾಕ್ಯ ಅನುವಾದ ಮಾಡುವ ಗೋಜಿಗೆ ಹೋಗಬೇಡಿ. ಡಾಕ್ಟರಿಗೆ ಬೇಕಿರುವುದು ತುಂಬಾ ಕಡಿಮೆ.

ಮೊದಲು ಅರ್ಜೆಂಟ್ ವಿಷಯ. ಅಮ್ಮ ಹಾರ್ಟ್‌ಗೆ, ಬಿಪಿಗೆ ಏನಾದರೂ ಮಾತ್ರೆ ತಗೊಳ್ಳುತ್ತಾರಾ? ಫಾರಂನಲ್ಲಿ 'ಬ್ಲೂಟ್‌ಫೆರ್‌ಡ್ಯೂನರ್' ಅಂತ ಒಂದು ಸಾಲು ಇತ್ತಲ್ಲ, ಅಲ್ಲಿ ಏನು ಬರೆದಿರಿ?

ಹಾಸನದವಳು

ಅಯ್ಯೋ. ಆ ಪದ ಅನುವಾದ ಮಾಡಿ ನೋಡಿದೆ, ರಕ್ತ ತೆಳು ಮಾಡುವ ಔಷಧ ಅಂತ ಬಂತು. ಅಮ್ಮನನ್ನು ಕೇಳಿದೆ, 'ರಕ್ತ ತೆಳು ಮಾಡೋದೆಲ್ಲ ಯಾಕೆ ತಗೊಳ್ಳಲಿ, ನನ್ನದು ಹಾರ್ಟ್ ಮಾತ್ರೆ' ಅಂದರು. ಅದಕ್ಕೆ 'ಇಲ್ಲ' ಅಂತ ಗುರುತು ಹಾಕಿದೆ. ಈಗ ಡಬ್ಬಿ ತೆಗೆದು ನೋಡಿದರೆ ಇಕೋಸ್ಪ್ರಿನ್ 75.

ದಾವಣಗೆರೆ ಬೆಣ್ಣೆ

ನೋಡಿ, ಇದೇ. ತಪ್ಪು ನಿಮ್ಮದೂ ಅಲ್ಲ ಅಮ್ಮನದೂ ಅಲ್ಲ, ಮನೆಯಲ್ಲಿ ಅದನ್ನು ಎಲ್ಲರೂ ಹಾರ್ಟ್ ಮಾತ್ರೆ ಅಂತಾನೇ ಕರೆಯುತ್ತಾರೆ. ಇಕೋಸ್ಪ್ರಿನ್ ಅಂದರೆ ಆಸ್ಪಿರಿನ್. ಅದರ ಜೊತೆ ಐಬುಪ್ರೊಫೆನ್ ತಗೊಂಡರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಜಾಸ್ತಿ, ಆಸ್ಪಿರಿನ್ ಹಾರ್ಟ್‌ಗೆ ಮಾಡುವ ಕೆಲಸಕ್ಕೂ ಅಡ್ಡ ಬರಬಹುದು. ಮುಂದಿನ ಐಬುಪ್ರೊಫೆನ್ ಕೊಡುವ ಮೊದಲು ಎರಡೂ ಸ್ಟ್ರಿಪ್ ಹಿಡಿದುಕೊಂಡು ಅಪೊಟೆಕೆಗೆ, ಅಂದರೆ ಮೆಡಿಕಲ್ ಶಾಪ್‌ಗೆ ಹೋಗಿ ಕೇಳಿ. ಇಕೋಸ್ಪ್ರಿನ್ ಅನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಹಲ್ಲು ಕೀಳುತ್ತಾರೆ ಅಂತ ಹೆದರಿ ನಿಲ್ಲಿಸಿ ಅಪಾಯ ತಂದುಕೊಂಡವರಿದ್ದಾರೆ. ಇನ್ನೊಂದು, ನಮ್ಮ ಬ್ರ್ಯಾಂಡ್ ಹೆಸರು ಇಲ್ಲಿ ಯಾರಿಗೂ ಗೊತ್ತಿರಲ್ಲ. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಬರೆದುಕೊಂಡು ಹೋಗಿ. ಆಸ್ಪಿರಿನ್‌ಗೆ ಇಲ್ಲಿ ಎಎಸ್‌ಎಸ್ ಅಂತಾರೆ, ಆ ಮೂರು ಅಕ್ಷರ ಸಾಕು.

ಇನ್ನು ಹಲ್ಲು. ಅಮ್ಮನನ್ನು ಕನ್ನಡಿ ಮುಂದೆ ನಿಲ್ಲಿಸಿ. ಬಾಯಿಯನ್ನು ನಾಲ್ಕು ಭಾಗ ಮಾಡಿ, ಅವರ ಬಲ ಮೇಲೆ 1, ಎಡ ಮೇಲೆ 2, ಎಡ ಕೆಳಗೆ 3, ಬಲ ಕೆಳಗೆ 4. ಆಮೇಲೆ ಮುಂದಿನ ನಡು ಹಲ್ಲಿನಿಂದ ಹಿಂದಕ್ಕೆ ಎಣಿಸಿ. ಎಡ ಕೆಳಗೆ ಆರನೆಯದು ಅಂದರೆ 36. ಮಧ್ಯದಲ್ಲಿ ಯಾವುದಾದರೂ ಕೀಳಿಸಿದ್ದರೆ ಆ ಖಾಲಿ ಜಾಗವನ್ನೂ ಎಣಿಸಬೇಕು. ದಾವಣಗೆರೆಯ ಕಾಲೇಜಿನಲ್ಲಿ ನಮಗೆ ಕಲಿಸಿದ್ದೂ ಇದೇ ನಂಬರು, ಇಲ್ಲಿ ಬರೆಯುವುದೂ ಇದೇ. 'ಡ್ರಾಯ್ ಜೆಕ್ಸ್' ಅನ್ನಿ, ಮೂವತ್ತಾರು ಅಲ್ಲ, ಮೂರು ಆರು. ಅಮೆರಿಕದಲ್ಲಿ ಬೇರೆ ಎಣಿಕೆ, ಅಲ್ಲಿ ಇದೇ ಹಲ್ಲು 19.

ಜುಮ್ ಅನ್ನೋದಕ್ಕೆ ಪದ ಹುಡುಕಬೇಡಿ, ಯಾವಾಗ ಅಂತ ಹೇಳಿ. ತಣ್ಣಗಿನದು ತಗೊಂಡಾಗ ನೋವು ಬಂದು ತಕ್ಷಣ ಹೋಗುತ್ತಾ, ಇಲ್ಲ ನಿಮಿಷಗಟ್ಟಲೆ ಇರುತ್ತಾ? ಬಿಸಿಗೆ ಬರುತ್ತಾ? ನಿದ್ದೆಯಿಂದ ಎಬ್ಬಿಸುತ್ತಾ? ಕಚ್ಚಿದರೆ ನೋವಾ? ತಣ್ಣಗಿನದಕ್ಕೆ ನೋವು ಬಂದು ತಕ್ಷಣ ಹೋದರೆ ಹಲ್ಲಿನ ನರ ಇನ್ನೂ ಸುಧಾರಿಸಬಹುದು. ಬಿಸಿಗೆ ಬಂದು, ನಿಲ್ಲದೆ, ರಾತ್ರಿ ಎಬ್ಬಿಸಿದರೆ ನರ ಹಾಳಾಗುತ್ತಿದೆ ಅನ್ನುವ ಗುಮಾನಿ ಬರುತ್ತೆ, ನಿಮ್ಮ ಕಥೆ ಹಾಗೇ ಇದೆ, ಆದರೆ ಎಕ್ಸ್‌ರೇ ನೋಡದೆ ನಾನು ಹೇಳುವಂತಿಲ್ಲ. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟ ಆದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಉಸಿರಿಗೂ ತೊಂದರೆ ಆದರೆ 112.

ತಲೆ ಆಡಿಸೋದು ಬೇಡ. ಅಮ್ಮನಿಗೆ ಎರಡೇ ಪದ ಕಲಿಸಿ, ಹೌದು ಅನ್ನೋದಕ್ಕೆ ಯಾ, ಇಲ್ಲ ಅನ್ನೋದಕ್ಕೆ ನೈನ್. ಕೆಲಸ ನಡೆಯುವಾಗ ನೋವಾದರೆ ಎಡಗೈ ಎತ್ತಬೇಕು, ಅದು ಇಲ್ಲಿ ವಾಡಿಕೆ. ಪ್ರವಾಸದ ಪಾಲಿಸಿಯಲ್ಲಿ ಸಾಮಾನ್ಯವಾಗಿ ನೋವು ನಿಲ್ಲಿಸುವ ಚಿಕಿತ್ಸೆಗೆ ಮಾತ್ರ ಕೊಡುತ್ತಾರೆ, ಕ್ಯಾಪ್‌ಗೆ ಕೊಡಲ್ಲ. ಅದಕ್ಕೆ 'ಶ್ಮೆರ್ತ್ಸ್‌ಬೆಹಾಂಡ್ಲುಂಗ್', ಅಂದರೆ ನೋವಿನ ಚಿಕಿತ್ಸೆ, ಅಂತ ಬಿಲ್‌ನಲ್ಲಿ ಬರೆಸಿಕೊಳ್ಳಿ. ಮತ್ತೆ ನೀವು ಕೌಂಟರ್ ಹತ್ತಿರ ನಿಲ್ಲಬೇಡಿ, ಒಳಗೆ ಕುರ್ಚಿ ಪಕ್ಕ ನಿಲ್ಲಿ.

ಯೊಕೊಹಾಮ ಭಟ್ಟರು

ಜಪಾನಿನಿಂದ ಒಂದು ಮಾತು. ಇಲ್ಲಿ 'ಜುಮ್'ಗೆ ಕಷ್ಟವೇ ಇಲ್ಲ! ಜಪಾನೀಯರು ನೋವನ್ನು ನಮ್ಮ ಹಾಗೇ ಸದ್ದಿನಲ್ಲಿ ಹೇಳುತ್ತಾರೆ. ಪಟಪಟ ಸಿಡಿಯುವುದಕ್ಕೆ 'ಜುಕಿಜುಕಿ', ತಣ್ಣೀರಿಗೆ ಜುಮ್ ಅಂದರೆ 'ಶಿಮಿರು'. ಮೊದಲ ಸಲ ಹೋದಾಗ ಇಂಗ್ಲಿಷ್‌ನಲ್ಲಿ ಹತ್ತು ನಿಮಿಷ ಒದ್ದಾಡಿದೆ, ಆಮೇಲೆ ಅಲ್ಲಿನ ನರ್ಸ್ ಕೆನ್ನೆ ಮುಟ್ಟಿಕೊಂಡು 'ಜುಕಿಜುಕಿ?' ಅಂದಳು, ನಾನು ಹೌದು ಹೌದು ಅಂತ ಕುಣಿದೆ. ನಮ್ಮಜ್ಜಿ ಇಲ್ಲಿಗೆ ಬಂದಿದ್ದರೆ ವಾರದಲ್ಲಿ ಜಪಾನಿ ಕಲಿಯುತ್ತಿದ್ದರು. ಆ ಆರರ ಲೆಕ್ಕ ಇಲ್ಲೂ ನಡೆಯುತ್ತೆ, ಎಡ ಕೆಳಗಿನ ಆರನೇ ನಂಬರು ಅಂದರೆ ಸಾಕು. ಆದರೆ ರೂಟ್ ಕೆನಾಲ್‌ಗೆ ವಾರವಾರ ಕರೆಸುತ್ತಾರೆ, ನನಗೆ ಐದು ಸಲ ಆಯಿತು, ಪ್ರತಿ ಸಲ ಅರ್ಧ ಗಂಟೆ. ಮೂರನೇ ಸಲಕ್ಕೆ ಮುಗಿಯಿತು ಅಂದುಕೊಂಡು ಹೋಗುವುದನ್ನೇ ನಿಲ್ಲಿಸಿದ್ದೆ, ಅವರೇ ಫೋನ್ ಮಾಡಿ ಕರೆದರು.

ಲೆಸ್ಟರ್ ಅಕ್ಕ

ಇಂಗ್ಲೆಂಡಿನವರು ಓದುತ್ತಿದ್ದರೆ ನೆನಪಿರಲಿ, ಇಲ್ಲಿ ಎನ್‌ಎಚ್‌ಎಸ್, ಅಂದರೆ ಸರಕಾರಿ ಆರೋಗ್ಯ ಸೇವೆಯ, ಹಲ್ಲಿನ ಡಾಕ್ಟರ ಹತ್ತಿರ ಹೋಗುವಾಗ ದುಭಾಷಿ ಬೇಕು ಅಂತ ಮೊದಲೇ ಕೇಳಬಹುದು, ಅದಕ್ಕೆ ದುಡ್ಡಿಲ್ಲ. ಅಪಾಯಿಂಟ್‌ಮೆಂಟ್ ಮಾಡುವಾಗಲೇ 'ಕನ್ನಡ' ಅಂತ ಬಿಡಿಸಿ ಹೇಳಿ, ನಮ್ಮತ್ತೆಗೆ ಕೆನಡಾದವರು ಅಂತ ಬರೆದುಕೊಂಡಿದ್ದರು.

ಹಾಸನದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ. ಅಪೊಟೆಕೆಯವರು ಐಬುಪ್ರೊಫೆನ್ ಬೇಡ ಅಂದು, ಡಾಕ್ಟರನ್ನು ನೋಡುವವರೆಗೆ ಅಂತ ಪ್ಯಾರಾಸಿಟಮಾಲ್ ಕೊಟ್ಟರು. ಡಾಕ್ಟೊಲಿಬ್‌ನಲ್ಲಿ ನ್ಯೂರೆಂಬರ್ಗ್‌ನ ಒಬ್ಬ ಡಾಕ್ಟರಮ್ಮ ಸಿಕ್ಕರು. ಒಂದು ಚೀಟಿಯಲ್ಲಿ 36, ಎಎಸ್‌ಎಸ್ 75, ತಣ್ಣಗೆ, ಬಿಸಿ, ರಾತ್ರಿ, ಎಷ್ಟು ದಿನದಿಂದ, ಇಷ್ಟೇ ಬರೆದುಕೊಂಡು ಹೋದೆ. ಅವರು ಓದಿ 'ಆಹಾ' ಅಂದು, ಹತ್ತಿಯ ಉಂಡೆಗೆ ಏನೋ ತಣ್ಣನೆಯ ಸ್ಪ್ರೇ ಹೊಡೆದು ಆ ಹಲ್ಲಿಗೆ ಇಟ್ಟರು. ಅಮ್ಮ 'ಯಾ ಯಾ ಯಾ' ಅಂತ ಕೂಗಿದ್ದು ಹೊರಗೆ ಕೂತವರಿಗೂ ಕೇಳಿಸಿರಬೇಕು. ಎಕ್ಸ್‌ರೇ ತೆಗೆದರು, ಮರಗಟ್ಟುವ ಇಂಜೆಕ್ಷನ್ ಕೊಟ್ಟು ನರ ತೆಗೆದು ಔಷಧ ಇಟ್ಟು ಮುಚ್ಚಿದ್ದಾರೆ. ಮಿಕ್ಕ ರೂಟ್ ಕೆನಾಲ್, ಕ್ಯಾಪ್ ಹಾಸನದಲ್ಲಿ. ಎಕ್ಸ್‌ರೇ ಪ್ರತಿಯನ್ನೂ ಕೊಟ್ಟಿದ್ದಾರೆ.

ಎಡಗೈ ಮಾತ್ರ ಎತ್ತಲಿಲ್ಲ. 'ಡಾಕ್ಟರಿಗೆ ಎಡಗೈ ತೋರಿಸೋದಾ?' ಅಂತ ಬಲಗೈ ಎತ್ತಿ ಡಾಕ್ಟರಮ್ಮನ ಮೊಣಕೈಗೇ ತಾಗಿಸಿದರು. ನಿನ್ನೆ ಚಿಕ್ಕಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಾ, ಹುಟ್ಟಿದಾಗಿನಿಂದ ಜರ್ಮನ್ ಬರುವವರ ಹಾಗೆ, 'ಏನಿಲ್ಲ ಕಣೇ, ನನ್ನ ಡ್ರಾಯ್ ಜೆಕ್ಸ್ ಹೋಗಿತ್ತು' ಅಂತಿದ್ದರು.