ಬಲಗಡೆ ಅಂದರೆ ಯಾರ ಬಲಗಡೆ? ನಾಟಕದ ಮಾತುಗಳ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ಈ ವಾರ ನಾಟಕದ ಪ್ರಶ್ನೆಗೆ ಉತ್ತರ ಹೇಳಲು ಅಡ್ಮಿನ್ ನನ್ನನ್ನು ಕೂರಿಸಿದ್ದಾರೆ. ನಾನು ಶಿರಸಿಯವನು. ಶಾಲೆ, ಕಾಲೇಜಿನ ಮಕ್ಕಳಿಗೆ ನಾಟಕ ಆಡಿಸುವುದೇ ಕೆಲಸ. ಕೇಳಿ.

ಪ್ರಶ್ನೆ (ಕುಮಟಾದ ಹೈಸ್ಕೂಲ್ ಶಿಕ್ಷಕಿ): ಜನವರಿಯಲ್ಲಿ ನಮ್ಮ ಶಾಲೆಯ ಗ್ಯಾದರಿಂಗ್. 30 ನಿಮಿಷದ ನಾಟಕ ನಾನೇ ಬರೆದಿದ್ದೇನೆ. 9 ದೃಶ್ಯ ಆಗಿದೆ. ಹಳೇ ಪುಸ್ತಕಗಳಲ್ಲಿ ಅಂಕ, ಪ್ರವೇಶ, ದೃಶ್ಯ ಅಂತೆಲ್ಲ ಇರುತ್ತದಲ್ಲ, ಏನು ವ್ಯತ್ಯಾಸ?

ಉತ್ತರ: ಅಂಕ ದೊಡ್ಡ ಭಾಗ. ಕಥೆ ಒಂದು ಹಂತ ದಾಟಿದಾಗ ಅಂಕ ಮುಗಿಯುತ್ತದೆ. ದೃಶ್ಯ ಅದರೊಳಗಿನ ತುಂಡು. ಜಾಗವೋ ಹೊತ್ತೋ ಬದಲಾದರೆ ದೃಶ್ಯವೂ ಬದಲು. ಹಳಬರು ಬರೆಯುತ್ತಿದ್ದ 'ಪ್ರವೇಶ' ಹೆಚ್ಚುಕಡಿಮೆ ಇದೇ. ಕಾಳಿದಾಸನ ಶಾಕುಂತಲದಲ್ಲಿ 7 ಅಂಕಗಳಿವೆ, ಅದರೊಳಗೆ ದೃಶ್ಯ ಅಂತ ಹಂಚಿಲ್ಲ. ಒಂದೇ ಅಂಕದಲ್ಲಿ ಮುಗಿದರೆ ಏಕಾಂಕ. ನಿಮ್ಮದು ಏಕಾಂಕವೇ.

ಆದರೆ 30 ನಿಮಿಷಕ್ಕೆ 9 ದೃಶ್ಯ ಜಾಸ್ತಿ ಆಯಿತು ಟೀಚರ್. ಒಂದೊಂದು ಸಲ ಬೆಂಚು ಎತ್ತಿ ಇಡಲು 1 ನಿಮಿಷ ಹಿಡಿದರೂ 8 ನಿಮಿಷ ಪ್ರೇಕ್ಷಕರು ಕತ್ತಲೆ ನೋಡುತ್ತಾ ಕೂರುತ್ತಾರೆ. ಕಂಪನಿ ನಾಟಕದವರು ಇದಕ್ಕೆ ಒಂದು ಉಪಾಯ ಇಟ್ಟುಕೊಂಡಿದ್ದರು. ಮುಂದೆ ರಸ್ತೆಯ ಚಿತ್ರದ ಪರದೆ ಇಳಿಸುವುದು. ಅದರ ಮುಂದಿನ ನಾಲ್ಕಡಿ ಜಾಗದಲ್ಲಿ ಹಾಸ್ಯದವರು ಬಂದು ನಗಿಸುವುದು. ಅಷ್ಟರಲ್ಲಿ ಹಿಂದೆ ಸದ್ದಿಲ್ಲದೆ ಅರಮನೆ ಎದ್ದು ನಿಂತಿರುತ್ತಿತ್ತು. ಗಿರೀಶ ಕಾರ್ನಾಡರು ಬೆಳೆದದ್ದು ನಮ್ಮ ಶಿರಸಿಯಲ್ಲೇ. ಇಲ್ಲಿಗೆ ಬರುತ್ತಿದ್ದ ನಾಟಕ ಮಂಡಳಿಗಳನ್ನು ನೋಡಿಕೊಂಡೇ ಬೆಳೆದರು. 1964ರ ತುಘಲಕ್ ನಾಟಕದಲ್ಲಿ ಅಜೀಜ್ ಮತ್ತು ಆಜಮ್ ಅನ್ನುವ ನಗಿಸುವ ಮೋಸಗಾರರ ಜೋಡಿ ಬರುವ ದೃಶ್ಯಗಳನ್ನು ಓದಿ. ಅರಮನೆಯ ದೃಶ್ಯಗಳ ನಡುನಡುವೆ ಆ ಇಬ್ಬರು ಬರುವುದು ಅದೇ ರಸ್ತೆ ಪರದೆಯ ಲೆಕ್ಕದಲ್ಲಿ.

ನೀವು 9ನ್ನು 3 ಮಾಡಿ. ಆಗದಿದ್ದರೆ ಪರದೆ ಹಿಡಿಯಲು ಇಬ್ಬರು ಗಟ್ಟಿ ಹುಡುಗರನ್ನು ಹುಡುಕಿ.

ಪ್ರಶ್ನೆ (ಅಂಕೋಲಾ): ಸ್ಕ್ರಿಪ್ಟಿನಲ್ಲಿ 'ಬಲದಿಂದ ಪ್ರವೇಶ' ಅಂತ ಇದೆ. ನಮ್ಮ ಬಲವೋ, ನಟರ ಬಲವೋ?

ಉತ್ತರ: ನಟರ ಬಲ. ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟನ ಬಲಗೈ ಯಾವ ಕಡೆಯೋ ಅದು ರಂಗದ ಬಲ. ಕೆಳಗೆ ಕೂತ ನಿರ್ದೇಶಕನಿಗೆ ಅದು ಎಡ. ಈ ಒಂದು ಮಾತು ತಪ್ಪಿದ್ದಕ್ಕೆ ನಾನು ಮಾನ ಕಳೆದುಕೊಂಡಿದ್ದೇನೆ. ಶುರುವಿನ ವರ್ಷಗಳಲ್ಲಿ ಒಂದು ನಾಟಕಕ್ಕೆ ನನ್ನ ಕುರ್ಚಿಯಿಂದ ಕಂಡ ಹಾಗೆ ಬಲ, ಎಡ ಅಂತ ಬರೆದುಕೊಂಡಿದ್ದೆ. ದೂತನ ಪಾತ್ರದ ಹುಡುಗನಿಗೆ ಜ್ವರ ಬಂತು. ಬದಲಿಗೆ ಬಂದವನು ನನ್ನ ನೋಟ್‌ಬುಕ್ ಓದಿಕೊಂಡು ಸೀದಾ ಇನ್ನೊಂದು ವಿಂಗಿನಿಂದ ಬಂದ. ರಾಜ 'ಅಗೋ ದೂತ ಬಂದ' ಅಂತ ಖಾಲಿ ಕಡೆ ಕೈ ತೋರಿಸಿದ. ಜನ ನಕ್ಕಿದ್ದು ಇವತ್ತಿಗೂ ಕಿವಿಯಲ್ಲಿದೆ.

ವಿಂಗ್ ಅಂದರೆ ಪಕ್ಕದ ಮರೆ, ನಟ ಕಾಯುವ ಜಾಗ. ಪ್ರೇಕ್ಷಕರಿಗೆ ಹತ್ತಿರದ ಭಾಗ ಡೌನ್‌ಸ್ಟೇಜ್, ಹಿಂದಿನದು ಅಪ್‌ಸ್ಟೇಜ್. ಹಿಂದೆ ಹೋದರೆ 'ಅಪ್' ಯಾಕೆ ಅಂದರೆ, ಯುರೋಪಿನ ಹಳೇ ರಂಗಗಳ ಹಲಗೆ ಹಿಂದಕ್ಕೆ ಹೋದ ಹಾಗೆ ಏರುತ್ತಿತ್ತು. ನಿಜವಾಗಿಯೂ ಹತ್ತಿ ಹೋಗಬೇಕಿತ್ತು. ಯಾರು ಯಾವಾಗ ಎಲ್ಲಿಂದ ಎಲ್ಲಿಗೆ ನಡೆಯಬೇಕು ಅಂತ ಗೊತ್ತು ಮಾಡುವುದಕ್ಕೆ ಬ್ಲಾಕಿಂಗ್ ಅನ್ನುತ್ತಾರೆ. ಸೀಮೆಸುಣ್ಣ ಇಟ್ಟುಕೊಳ್ಳಿ, ನೆಲದ ಮೇಲೆ ಗುರುತು ಹಾಕಿಕೊಡಿ. ಮಕ್ಕಳು ಮಾತಿಗಿಂತ ಮೊದಲು ಜಾಗ ಕಲಿಯುತ್ತಾರೆ.

ಪ್ರಶ್ನೆ (ಕಾರವಾರ, ಬಿಎ ವಿದ್ಯಾರ್ಥಿ): ಸ್ವಗತಕ್ಕೂ ಜನಾಂತಿಕಕ್ಕೂ ಏನು ವ್ಯತ್ಯಾಸ ಸರ್? ಪರೀಕ್ಷೆಗೆ ಬೇಕು.

ಉತ್ತರ: ಸ್ವಗತ ತನಗೆ ತಾನೇ ಹೇಳಿಕೊಳ್ಳುವುದು. ಪ್ರೇಕ್ಷಕರಿಗೆ ಕೇಳುತ್ತದೆ, ರಂಗದ ಮೇಲಿದ್ದವರಿಗೆ ಕೇಳುವುದಿಲ್ಲ. ಜನಾಂತಿಕದಲ್ಲಿ ಮಾತು ರಂಗದ ಮೇಲೆ ಇರುವ ಒಬ್ಬರಿಗೆ ಮಾತ್ರ, ಉಳಿದವರಿಗೆ ಕೇಳುವುದಿಲ್ಲ ಅಂತ ಲೆಕ್ಕ. ಸಂಸ್ಕೃತ ನಾಟಕದಲ್ಲಿ ಇದಕ್ಕೆ ತ್ರಿಪತಾಕ ಹಸ್ತವನ್ನು, ಅಂದರೆ ಉಂಗುರ ಬೆರಳು ಮಡಚಿದ ಕೈಯನ್ನು ಅಡ್ಡ ಹಿಡಿಯುತ್ತಾರೆ. ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತು, ಬಾಯಿಗೆ ಕೈ ಅಡ್ಡ ಇಟ್ಟು ಪಕ್ಕದವರಿಗೆ 'ಪಾಯಸಕ್ಕೆ ಬೆಲ್ಲ ಕಡಿಮೆ' ಅಂತೀವಲ್ಲ, ಅದೇ. ಎಲ್ಲರಿಗೂ ಕೇಳುವ ಹಾಗೆ ಆಡುವ ಮಾತು ಪ್ರಕಾಶ. ರಂಗದಲ್ಲಿ ಇಲ್ಲದವರ ಜೊತೆ ಮಾತಾಡುತ್ತಾ 'ಏನಂದೆ? ಹೌದಾ?' ಅನ್ನುವುದು ಆಕಾಶಭಾಷಿತ. ಫೋನಿನಲ್ಲಿ ಮಾತಾಡುವ ಪಾತ್ರ ಮಾಡುವವರೆಲ್ಲ ಈಗ ಅದನ್ನೇ ಮಾಡುತ್ತಿದ್ದಾರೆ.

ಅದೇ ವಿದ್ಯಾರ್ಥಿ: ಇನ್ನೊಂದು ಸರ್. ಕಥಾವಸ್ತು, ಸಂಘರ್ಷ?

ಉತ್ತರ: ನಿಮ್ಮ ಊರಿನ ಉದಾಹರಣೆಯನ್ನೇ ಕೊಡುತ್ತೇನೆ. ರವೀಂದ್ರನಾಥ ಟ್ಯಾಗೋರರು 1883ರಲ್ಲಿ ಕಾರವಾರದಲ್ಲಿದ್ದರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಡ್ಜ್ ಆಗಿದ್ದರು. ಆಗ 22 ವರ್ಷದ ಟ್ಯಾಗೋರರು ಅಲ್ಲೇ 'ಪ್ರಕೃತಿರ್ ಪ್ರತಿಶೋಧ್' ಅನ್ನುವ ನಾಟಕ ಬರೆದರು. ಒಬ್ಬ ಸನ್ಯಾಸಿ ಎಲ್ಲ ನಂಟು ಕಡಿದುಕೊಂಡು ಪ್ರಕೃತಿಯನ್ನೇ ಗೆದ್ದೆ ಅಂದುಕೊಂಡಿರುತ್ತಾನೆ. ದಿಕ್ಕಿಲ್ಲದ ಒಂದು ಹುಡುಗಿ ಅವನಿಗೆ ಗಂಟು ಬೀಳುತ್ತಾಳೆ. ಅವಳ ಮೇಲಿನ ಅಕ್ಕರೆ ಒಂದು ಕಡೆ ಎಳೆಯುತ್ತದೆ, ಅವನ ಹಟ ಇನ್ನೊಂದು ಕಡೆ. ಈ ಎಳೆದಾಟ ಸಂಘರ್ಷ. ಅದನ್ನು ಯಾವ ಘಟನೆ ಮೊದಲು, ಯಾವುದು ಆಮೇಲೆ ಅಂತ ಹೆಣೆದದ್ದು ಕಥಾವಸ್ತು. ನೋಡಿ, ಕತ್ತಿ ಹಿಡಿದ ವೈರಿ ಎಲ್ಲೂ ಬರಲಿಲ್ಲ.

ಪ್ರಶ್ನೆ (ಹೊನ್ನಾವರ): ಯಕ್ಷಗಾನಕ್ಕೆ ನಿರ್ದೇಶಕನೂ ಇಲ್ಲ, ಬ್ಲಾಕಿಂಗೂ ಇಲ್ಲ. ಬೆಳಗಿನ ತನಕ ಆಟ ಆಗುತ್ತದೆ. ಈ ಇಂಗ್ಲಿಷ್ ಹೆಸರುಗಳೆಲ್ಲ ಸುಮ್ನೆ ಅಲ್ವಾ?

ಉತ್ತರ: ನಿರ್ದೇಶಕ ಇಲ್ಲ ಅಂದವರು ಯಾರು? ಹಿಂದೆ ತಾಳ ಹಿಡಿದು ಹಾಡುತ್ತಾ ಕೂತಿರುತ್ತಾರಲ್ಲ ಭಾಗವತರು! ಅವರು ಪದ ಎತ್ತದಿದ್ದರೆ ವೇಷ ಕುಣಿಯುವುದಿಲ್ಲ, ನಿಲ್ಲಿಸಿದರೆ ಮುಂದುವರಿಯುವುದಿಲ್ಲ. ನಮ್ಮಲ್ಲಿ ನಿರ್ದೇಶಕ ಆಟದ ರಾತ್ರಿಯೂ ರಂಗದ ಮೇಲೇ ಇರುತ್ತಾನೆ. ನನ್ನ ಹಾಗೆ ಹಿಂದಿನ ಸಾಲಿನಲ್ಲಿ ಉಗುರು ಕಚ್ಚುತ್ತಾ ಕೂರುವುದಿಲ್ಲ.

ಹೆಸರುಗಳೂ ಅಷ್ಟೇ, ನಿಮ್ಮ ಹತ್ತಿರ ಆಗಲೇ ಇವೆ. ಗ್ರೀನ್‌ರೂಮ್ ಅಂದರೆ ಚೌಕಿ. ಪಾತ್ರವನ್ನು ಗತ್ತಿನಿಂದ ಜನರಿಗೆ ಪರಿಚಯಿಸುವ ಪ್ರವೇಶ ಒಡ್ಡೋಲಗ. ಇಬ್ಬರು ಹಿಡಿಯುವ ತೆರೆ ಇದೆ. ಸ್ಕ್ರಿಪ್ಟ್ ಮಾತ್ರ ಬೇರೆ ತರಹ. ಪ್ರಸಂಗದಲ್ಲಿ ಪದ್ಯ ಇರುತ್ತದೆ, ಅರ್ಥ ಹೇಳುವುದು ವೇಷಧಾರಿಯ ಬಾಯಿಗೆ ಬಿಟ್ಟದ್ದು. ಆ ತೆರೆಯನ್ನು ಕಾರ್ನಾಡರು ಹಯವದನ ನಾಟಕಕ್ಕೆ ತಂದರು, ಭಾಗವತನನ್ನೂ ತಂದರು.

ನಿಮ್ಮ ಹೊನ್ನಾವರದವರಿಗೆ ಇನ್ನೊಂದು ಹೇಳಲೇಬೇಕು. 1842ರಲ್ಲಿ ಕರ್ಕಿಯ ಮೇಳ ಸಾಂಗಲಿಗೆ ಹೋಗಿ ಆಟ ಆಡಿತು. ಅಲ್ಲಿನ ರಾಜರಿಗೆ ಹಿಡಿಸಿತು. ಮರಾಠಿಯಲ್ಲೂ ಇಂಥದ್ದು ಆಗಲಿ ಅಂತ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಮರಾಠಿ ರಂಗಭೂಮಿಯವರು ತಮ್ಮ ಲೆಕ್ಕ ಶುರು ಮಾಡುವುದು ಅಲ್ಲಿಂದ.

ಪ್ರಶ್ನೆ (ಯಲ್ಲಾಪುರ): ಪ್ರಾಪರ್ಟಿ ಯಾವುದು, ಸೆಟ್ ಯಾವುದು?

ಉತ್ತರ: ನಟ ಕೈಯಲ್ಲಿ ಹಿಡಿದು ಬಳಸುವುದು ಪ್ರಾಪರ್ಟಿ, ಕನ್ನಡದಲ್ಲಿ ರಂಗಪರಿಕರ. ಸುಮ್ಮನೆ ನಿಂತು ಜಾಗ ಯಾವುದು ಅಂತ ತೋರಿಸುವುದು ಸೆಟ್. ಕುರ್ಚಿ ಸೆಟ್ಟು, ಯಾರಾದರೂ ಅದನ್ನು ಎತ್ತಿ ಎಸೆಯುವವರೆಗೆ.

ಪ್ರಶ್ನೆ (ಸಿದ್ದಾಪುರ): ಅಭಿನಯದಲ್ಲಿ ನಾಲ್ಕು ಬಗೆ ಅಂತಾರಲ್ಲ?

ಉತ್ತರ: ನಾಟ್ಯಶಾಸ್ತ್ರದ ಲೆಕ್ಕ. ಮೈಯಿಂದ ಮಾಡುವುದು ಆಂಗಿಕ, ಮಾತಿನದು ವಾಚಿಕ, ವೇಷಭೂಷಣದ್ದು ಆಹಾರ್ಯ. ನಾಲ್ಕನೆಯದು ಸಾತ್ವಿಕ: ಬೆವರು, ನಡುಕ, ಕಣ್ಣೀರು, ರೋಮಾಂಚ, ಗಂಟಲು ಕಟ್ಟುವುದು ಇಂಥವು. ಇದನ್ನು ಕಲಿಸಲು ನನಗೆ ಬರುವುದಿಲ್ಲ. ಮೊದಲ ಮೂರನ್ನು ಸರಿಯಾಗಿ ಮಾಡಿದ ಹುಡುಗಿಯೊಬ್ಬಳಿಗೆ ಒಂದು ದಿನ ತಾನಾಗಿ ಬಂದದ್ದನ್ನು ನೋಡಿದ್ದೇನೆ, ಅಷ್ಟೇ.

ಕುಮಟಾದ ಶಿಕ್ಷಕಿ ಮತ್ತೆ: 9ನ್ನು 4 ಮಾಡಿದೆ ಸರ್. ಮಕ್ಕಳು ಮಾತು ಮರೆತರೆ? ಪ್ರಾಂಪ್ಟರ್ ಇಡಬಹುದಾ?

ಉತ್ತರ: 4 ಆಗುತ್ತದೆ. ಪ್ರಾಂಪ್ಟರ್ ಅಂದರೆ ವಿಂಗಿನಲ್ಲಿ ಪುಸ್ತಕ ಹಿಡಿದು ಮಾತು ಎತ್ತಿಕೊಡುವವರು. ಇಡಬಹುದು, ಆದರೆ ಮಕ್ಕಳ ಕಣ್ಣು ಅತ್ತಲೇ ಹೋಗುತ್ತದೆ. ಅದಕ್ಕಿಂತ ಕ್ಯೂ ಕಲಿಸಿ. ಎದುರಿನವರ ಕೊನೆಯ ಎರಡು ಶಬ್ದ ಯಾವುದು, ಅದು ಕೇಳಿದ ಕೂಡಲೇ ನನ್ನ ಮಾತು. ತಾಲೀಮಿನಲ್ಲಿ ವಾರಕ್ಕೊಮ್ಮೆ ಪಾತ್ರ ಅದಲುಬದಲು ಮಾಡಿಸಿ, ಆಗ ಒಬ್ಬರ ಮಾತು ಇನ್ನೊಬ್ಬರಿಗೆ ಬಂದಿರುತ್ತದೆ. ಆದರೂ ಧೈರ್ಯ ಬರದಿದ್ದರೆ ಪುಸ್ತಕ ಹಿಡಿದು ನೀವೇ ನಿಲ್ಲಿ, ಕೈಯಲ್ಲೊಂದು ಟಾರ್ಚ್ ಇರಲಿ. ಗ್ಯಾದರಿಂಗ್ ರಾತ್ರಿ ಕರೆಂಟ್ ಹೋಗದ ಶಾಲೆ ನಾನಂತೂ ಇನ್ನೂ ನೋಡಿಲ್ಲ.