ಸಹಾಯ ಬೇಕು: ಐದು ಗಿಟಾರ್‌ಗಳನ್ನು ನುಡಿಸುವವರ ಕೈಗೆ ಒಪ್ಪಿಸಬೇಕಾಗಿದೆ

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಸಮೀಪದ ನಮ್ಮ ತೋಟದ ಮನೆಯಲ್ಲಿ ನಲವತ್ತು ವರ್ಷಗಳಿಂದ ಒಂದೊಂದಾಗಿ ಕೂಡಿಸಿಕೊಂಡ ಆರು ಗಿಟಾರ್‌ಗಳಿವೆ. ನನಗೀಗ 68 ವರ್ಷ; ಬೆರಳುಗಳ ಸಂಧಿವಾತದಿಂದಾಗಿ ಉಕ್ಕಿನ ತಂತಿಗಳನ್ನು ಒತ್ತಿ ಹಿಡಿಯುವುದು ಕಷ್ಟವಾಗಿರುವುದರಿಂದ, ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರೊಂದನ್ನು ಮಾತ್ರ ಉಳಿಸಿಕೊಂಡು ಮಿಕ್ಕ ಐದನ್ನು ಕೊಟ್ಟುಬಿಡಲು ನಿಶ್ಚಯಿಸಿದ್ದೇನೆ.

ಇಂತಹ ವಾದ್ಯಗಳಿಗೆ ಶೇ. 45ರಿಂದ 55ರಷ್ಟು ತೇವಾಂಶ ಹಿತ. ನಮ್ಮ ಮಳೆಗಾಲದಲ್ಲಿ ಅದು ಆಗದ ಮಾತು. ಕಳೆದ ಕಕ್ಕಡದಲ್ಲಿ (ಕೊಡವರ ಮಳೆಗಾಲದ ತಿಂಗಳು) ಪೆಟ್ಟಿಗೆ ತೆರೆದಾಗ, ಬೀಟೆ ಮರದ ಬೆನ್ನಿರುವ ನನ್ನ ಅತಿ ಹಳೆಯ ಗಿಟಾರಿನ ಬ್ರಿಡ್ಜ್ (ಮುಂಭಾಗದ ಹಲಗೆಗೆ ಅಂಟಿಸಿದ, ತಂತಿಗಳನ್ನು ಹಿಡಿದಿಡುವ ಮರದ ಪಟ್ಟಿ) ಹಿಂಬದಿಯಲ್ಲಿ ಮೇಲೆದ್ದು, ಅದರಡಿ ಕಾಗದ ನುಸುಳುವಷ್ಟು ಸಂದು ಬಿಟ್ಟಿತ್ತು. ಕೂಡಲೇ ತಂತಿಗಳನ್ನು ಸಡಿಲಿಸಿದೆನಾದರೂ, ಆ ಸಂಕಟ ಇನ್ನೂ ಹೋಗಿಲ್ಲ.

ಕೊಡಗಿನಲ್ಲಾಗಲಿ ಮೈಸೂರಿನಲ್ಲಾಗಲಿ ಬ್ರಿಡ್ಜನ್ನು ಬಿಡಿಸಿ ಸರಿಯಾಗಿ ಮರು ಅಂಟಿಸಬಲ್ಲ ನುರಿತವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಆ ಗಿಟಾರನ್ನು ವಿದೇಶದಲ್ಲಿರುವ ಮಗಳಿಗೆ ಕಳುಹಿಸುವ ಆಸೆಯಿದೆ. ಬೀಟೆ 2017ರಿಂದ ಸೈಟಿಸ್ (ಅಪಾಯದಲ್ಲಿರುವ ಸಸ್ಯ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ) ಪಟ್ಟಿಯಲ್ಲಿದ್ದು, ಸಿದ್ಧ ಸಂಗೀತ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆತಿದೆಯಾದರೂ, ಇಲ್ಲಿಂದ ಕೊಂಡೊಯ್ದವರು ಯಾವ ಕಾಗದಪತ್ರ ಇಟ್ಟುಕೊಂಡಿದ್ದರೆಂದು ತಿಳಿಯಬೇಕಾಗಿದೆ. ಉಳಿದ ನಾಲ್ಕಕ್ಕೆ ನ್ಯಾಯವಾದ ಬೆಲೆ ಸೂಚಿಸಿದರೆ ಉಪಕಾರ. ಕಲಿಯುವ ಮಕ್ಕಳಿದ್ದರೆ ಬೆಲೆಗಾಗಿ ಹಟ ಹಿಡಿಯುವುದಿಲ್ಲ, ಮನೆಗೆ ಬಂದು ನುಡಿಸಿ ನೋಡಲಿ.