ಸಹಾಯ ಬೇಕು: ನೀರಿನ ಪರೀಕ್ಷೆಯಿಂದ ಕರುಳಿನ ಮೈಕ್ರೋಬಯೋಮ್‌ಗೆ ಬಂದವನ ಎಣಿಕೆಯ ಗೊಂದಲ

ಎಲ್ಲರಿಗೂ ನಮಸ್ಕಾರ. ನಾನು ಸೂಕ್ಷ್ಮಜೀವಿ ವಿಜ್ಞಾನಿ. ಇಷ್ಟು ವರ್ಷ ಕುಡಿಯುವ ನೀರಿನ ಸುರಕ್ಷತೆಯ ಕೆಲಸ ಮಾಡಿದವನು, ಈಗ ಮನುಷ್ಯನ ಕರುಳಿನ ಮೈಕ್ರೋಬಯೋಮ್ (ಅಲ್ಲಿ ವಾಸಿಸುವ ಸೂಕ್ಷ್ಮಜೀವಿಗಳ ಸಮೂಹ) ಸಂಶೋಧನೆಗೆ ಸೇರಿದ್ದೇನೆ.

ನೀರಿನಲ್ಲಿ ಲೆಕ್ಕ ನೇರವಾಗಿತ್ತು. 100 ಮಿಲಿಲೀಟರ್ ನೀರನ್ನು 0.45 ಮೈಕ್ರಾನ್ ರಂಧ್ರದ ಪೊರೆಯಲ್ಲಿ ಸೋಸಿ, ಪೋಷಕ ಮಾಧ್ಯಮದ ಮೇಲಿಟ್ಟು, ಮರುದಿನ ಕಾಲೊನಿಗಳನ್ನು (ಬೆಳೆದ ಬ್ಯಾಕ್ಟೀರಿಯಾ ಗುಂಪುಗಳನ್ನು) ಎಣಿಸಿದರೆ ಮುಗಿಯಿತು. ಮಲ ಸೇರಿದ್ದನ್ನು ಸೂಚಿಸುವ ಇ. ಕೋಲೈ ಬ್ಯಾಕ್ಟೀರಿಯಾ ಒಂದೇ ಒಂದು ಕಂಡರೂ ಆ ನೀರು ಕುಡಿಯಲು ಯೋಗ್ಯವಲ್ಲ. ಇಲ್ಲಿ ನೋಡಿದರೆ ಅದೇ ಇ. ಕೋಲೈ ಆರೋಗ್ಯವಂತರ ಕರುಳಿನ ಕಾಯಂ ನಿವಾಸಿ! ಅದಕ್ಕೇನೋ ಒಗ್ಗಿಕೊಂಡೆ. ಒಗ್ಗದಿರುವುದು ಶೇಕಡಾವಾರು ಲೆಕ್ಕ. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಜೀನಿನ ಸೀಕ್ವೆನ್ಸಿಂಗ್ (ಅದರ ಅಕ್ಷರಕ್ರಮ ಓದುವುದು) ಯಾವ ಬ್ಯಾಕ್ಟೀರಿಯಾದ ಪಾಲು ಎಷ್ಟು ಎಂದಷ್ಟೇ ಹೇಳುತ್ತದೆ. ಒಂದರ ಪಾಲು ಏರಿದಾಗ ಅದು ನಿಜವಾಗಿ ಹೆಚ್ಚಿತೋ, ಉಳಿದವು ಕಡಿಮೆಯಾಗಿ ಹಾಗೆ ಕಾಣುತ್ತಿದೆಯೋ ತಿಳಿಯುವುದಿಲ್ಲ.

ಬೆಳೆಸಿ ಎಣಿಸಲು ನೋಡಿದೆ. ಆಮ್ಲಜನಕ ತಾಗಿದರೆ ಸಾಯುವವೇ ಬಹಳ. ಜೀನಿನ ಪ್ರತಿಗಳು ಎಷ್ಟಿವೆ ಎಂದು ಅಳೆಯುವ ಕ್ಯೂಪಿಸಿಆರ್ ಮಾಡಿದೆ, ಆದರೆ 16ಎಸ್ ಜೀನಿನ ಪ್ರತಿಗಳ ಸಂಖ್ಯೆ ಎಲ್ಲದರಲ್ಲೂ ಒಂದೇ ಅಲ್ಲ, ಇ. ಕೋಲೈಯಲ್ಲಿ 7 ಇದ್ದರೆ ಕೆಲವದರಲ್ಲಿ ಒಂದೋ ಎರಡೋ. ಕೋಶಗಳನ್ನು ಒಂದೊಂದಾಗಿ ಎಣಿಸುವ ಯಂತ್ರ, ಫ್ಲೋ ಸೈಟೋಮೀಟರ್, ನಮ್ಮಲ್ಲಿಲ್ಲ.

ಉಳಿದದ್ದು, ಕರುಳಿನಲ್ಲಿ ಇರದ ಬ್ಯಾಕ್ಟೀರಿಯಾವನ್ನು ಗೊತ್ತಿರುವ ಪ್ರಮಾಣದಲ್ಲಿ ಮಾದರಿಗೆ ಬೆರೆಸಿ, ಅದಕ್ಕೆ ಹೋಲಿಸಿ ಉಳಿದವನ್ನು ಅಳೆಯುವ ದಾರಿ. ಸಹೋದ್ಯೋಗಿಗಳಲ್ಲಿ ಒಬ್ಬರು ಇಡೀ ಕೋಶಗಳನ್ನೇ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಶುದ್ಧ ಡಿಎನ್‌ಎ ಸಾಕು ಎನ್ನುತ್ತಾರೆ.

ಮಲದ ಮಾದರಿಗಳಲ್ಲಿ ಇದನ್ನು ಮಾಡಿದವರು ದಯವಿಟ್ಟು ತಿಳಿಸಿ: ಡಿಎನ್‌ಎ ಬೇರ್ಪಡಿಸುವ ಮೊದಲೇ ಕೋಶಗಳನ್ನು ಸೇರಿಸಬೇಕೇ, ಬೇರ್ಪಡಿಸಿದ ಮೇಲೆ ಡಿಎನ್‌ಎ ಸೇರಿಸಿದರೆ ಸಾಕೇ? ಮಾದರಿಗಳ ತೇವಾಂಶ ಒಂದೇ ಸಮನಿಲ್ಲದಿರುವಾಗ ಅಂತಿಮ ಲೆಕ್ಕವನ್ನು ಹಸಿ ತೂಕಕ್ಕೆ ಕೊಡಬೇಕೇ, ಒಣ ತೂಕಕ್ಕೇ?